ಲೋಡು ಎಲ್ಲಿಗೆ ಹೋಗುತ್ತೆ?

ಯಾರ ಮನೆ ಮುಂದೆ ಎಂ-ಸ್ಯಾಂಡ್ ಸುರಿದರೂ ಅರ್ಧ ಗಂಟೆಯೊಳಗೆ ಅಲ್ಲಿ ಬಂದು ಕೈ ಹಿಂದೆ ಕಟ್ಟಿಕೊಂಡು ನಿಲ್ಲುವ ಹಿರಿಯರೊಬ್ಬರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಅವರು ಎಂಜಿನಿಯರಲ್ಲ, ಕಂಟ್ರಾಕ್ಟರೂ ಅಲ್ಲ. ಬ್ಯಾಂಕಿನಲ್ಲೋ ಖಜಾನೆಯಲ್ಲೋ ಇದ್ದು ನಿವೃತ್ತರಾದವರು. ಆದರೆ ಆಯುಷ್ಯದಲ್ಲಿ ಒಂದು ಮನೆ ಕಟ್ಟಿಸಿದ್ದಾರೆ. ‘ಮನೆ ಕಟ್ಟಿ ನೋಡು’ ಎಂದು ಗಾದೆ ಮಾಡಿದವರು, ನೋಡಿಯಾದ ಮೇಲೆ ಸುಮ್ಮನಿರು ಎಂದು ಸೇರಿಸುವುದನ್ನು ಮರೆತರು.

ನಮ್ಮ ಪಾಲಿಗೆ ಬಂದವರು ಎದುರುಮನೆ ರಾಯರು. ಮೈಸೂರಿನ ಚಾಮರಾಜಪುರಂನಲ್ಲಿರುವ ನಮ್ಮದು ತಾತನ ಕಾಲದ ಮನೆ: ಇಟ್ಟಿಗೆ, ಸುಣ್ಣದ ಗಾರೆ, 14 ಇಂಚಿನ ಗೋಡೆ, ಮೇಲೆ ಮಂಗಳೂರು ಹೆಂಚು. ನಡುಮನೆಯಲ್ಲಿ ಮಟಮಟ ಮಧ್ಯಾಹ್ನವೂ ದೀಪ ಹಾಕದೆ ಅಕ್ಕಿಯಲ್ಲಿನ ಕಲ್ಲು ಕಾಣದು. ಪಡುವಣ ಗೋಡೆಗೆ ಒಂದು ಕಿಟಕಿ ಇಡಿಸೋಣ ಎಂದಳು ಹೆಂಡತಿ. ನಾನು ಹೂಂ ಎಂದೆ. ಕಟ್ಟಡದ ವಿದ್ಯೆಯಲ್ಲಿ ನನ್ನ ಪಾಂಡಿತ್ಯ ಕ್ಯಾಲೆಂಡರಿಗೆ ಮೊಳೆ ಹೊಡೆಯುವಲ್ಲಿಗೆ ಮುಗಿಯುತ್ತದೆ. ಆ ಮೊಳೆಯೂ ಸೊಟ್ಟಗಿದೆ.

ಮೇಸ್ತ್ರಿ ಇದ್ದಿಲಿನಲ್ಲಿ ಗುರುತು ಹಾಕುವಷ್ಟರಲ್ಲಿ ರಾಯರು ಒಳಗಿದ್ದರು. ಊರುಗೋಲಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು, ಎದೆ ಪರೀಕ್ಷಿಸಿದ ಡಾಕ್ಟರ ಹಾಗೆ ತುಟಿ ಬಿಗಿದು ನನ್ನತ್ತ ತಿರುಗಿದರು: “ಅಲ್ಲಯ್ಯಾ, ಇಲ್ಲಿ ಒಡೆದರೆ ಲೋಡು ಎಲ್ಲಿಗೆ ಹೋಗುತ್ತೆ?”

ನಾನು ಮೇಸ್ತ್ರಿಯನ್ನು ನೋಡಿದೆ. ಮೇಸ್ತ್ರಿ ಹೆಂಚನ್ನು ನೋಡಿ, “ಎಲ್ಲಿಗೂ ಹೋಗಲ್ಲ ಸ್ವಾಮಿ, ಇಲ್ಲೇ ಇರುತ್ತೆ” ಎಂದ.

ಅಷ್ಟು ಸಾಕಾಯಿತು. ರಾಯರು ಇಟ್ಟಿಗೆ ಚೂರೊಂದನ್ನು ಎತ್ತಿಕೊಂಡು, ಹೋದ ದೀಪಾವಳಿಗೆ ಬಣ್ಣ ಬಳಿಸಿದ್ದ ಗೋಡೆಯ ಮೇಲೆ ದೊಡ್ಡ ತ್ರಿಕೋನ ಬರೆದರು. ಪಾಠ ಶುರುವಾಯಿತು. ಇಟ್ಟಿಗೆಯ ಹೆಣಿಗೆ ಸರಿಯಿದ್ದರೆ ಕಿಂಡಿಯ ಮೇಲಿನ ವರಸೆಗಳು ಒಂದಕ್ಕೊಂದು ಆತು ನಿಂತು ಭಾರವನ್ನು ಎರಡು ಬದಿಗೆ ಇಳಿಸುತ್ತವೆ. ಲಿಂಟಲ್ ಹೊರಬೇಕಾದ್ದು ತ್ರಿಕೋನದೊಳಗಿನ ಇಟ್ಟಿಗೆಯನ್ನಷ್ಟೇ. ಆದರೆ ತೊಲೆಯ ತುದಿ ಆ ತ್ರಿಕೋನದೊಳಗೆ ಬಂದು ಕೂತರೆ ಲೆಕ್ಕ ಕೆಟ್ಟಿತು. ಮೂಲೆಗೆ ತೀರ ಹತ್ತಿರ ಒಡೆಯಕೂಡದು. ಮೊದಲು ಹೊರಗಿನಿಂದ ಅರ್ಧ ದಪ್ಪ ಕೊರೆದು ಒಂದು ಲಿಂಟಲ್ ತೂರಿಸಿ ಸಂದು ಬಿಗಿಯಬೇಕು; ಅದು ಗಟ್ಟಿಯಾದ ಮೇಲೆ ಒಳಗಿನ ಅರ್ಧ. ಎರಡೂ ಕಡೆ 6 ಇಂಚಾದರೂ ಗೋಡೆಯ ಮೇಲೆ ಕೂರಬೇಕು. ಕೆಳಗಿನ ಇಟ್ಟಿಗೆ ಬಿಚ್ಚುವುದು ಆಮೇಲೆ. “ಮೊದಲು ಬಾಯಿ ತೆರೆದು ಆಮೇಲೆ ಯೋಚನೆ ಮಾಡೋದಲ್ಲಪ್ಪಾ!” ಎಂದು ಮೇಸ್ತ್ರಿಗೆ ತಾಕೀತು ಮಾಡಿದರು. ಅವರು ಬಾಯಿ ತೆರೆದು ಅಷ್ಟರಲ್ಲಿ ಒಂದು ಗಂಟೆಯಾಗಿತ್ತು.

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು, ಎಲೆಯಡಿಕೆ ಹಾಕಿಕೊಂಡು, ಹರಿಕಥೆಗೆ ಕೂತವನ ಭಕ್ತಿಯಿಂದ ಕೇಳಿದ. ಅವನು ಮಾಡಬೇಕೆಂದಿದ್ದುದೂ ಅದನ್ನೇ ಅಂತೆ. “ಮತ್ತೆ ಹೇಳೋದಲ್ವೇನಪ್ಪಾ?” ಎಂದರೆ, “ದೊಡ್ಡೋರು ಮಾತಾಡ್ತಾ ಇದ್ರಲ್ಲ ಸ್ವಾಮಿ” ಎಂದ. ಕಥೆ ರಾಯರದು, ಕೂಲಿ ನನ್ನದು. ತ್ರಿಕೋನ ಈಗಲೂ ಪೂರ್ತಿ ಅಳಿಸಿಲ್ಲ.

ಉಳಿದಂತೆ ಒಳ್ಳೆಯವರು. ಅಲ್ಯೂಮಿನಿಯಂ ಚೌಕಟ್ಟು ಕಂಡರೆ ಮುಖ ಸಿಂಡರಿಸುತ್ತಾರೆ, ಹೊನ್ನೆ ಮರ ಎಂದರೆ ಕಣ್ಣರಳಿಸುತ್ತಾರೆ. ವಾಸ್ತುವನ್ನು ನಂಬುವುದಿಲ್ಲ, ‘ಯಾವುದಕ್ಕೂ ಒಂದು ಮಾತು ಕೇಳಿಬಿಡಿ’ ಎನ್ನುತ್ತಾರೆ. ಕಾಫಿಗೆ ಸಕ್ಕರೆ ಬೇಡ, ಅರ್ಧ ಚಮಚ ಇದ್ದರೆ ಪರವಾಗಿಲ್ಲ.

ಅವರು ನಿಜಕ್ಕೂ ನೊಂದುಕೊಂಡದ್ದು ಕಿಟಕಿಯ ಸುತ್ತ ಬರೀ ಸಿಮೆಂಟು ಮೆತ್ತಲು ಹೊರಟಾಗ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ತಡೆಯುತ್ತದೆ, ಹಳೆಯ ಇಟ್ಟಿಗೆ ಪುಡಿಯಾಗುತ್ತ ಬರುತ್ತದೆ. ಸರಿ, ಸುಣ್ಣದಲ್ಲೇ ಆಯಿತು. ಆದರೂ ಬಾಂಡಲಿಯಲ್ಲಿ ಉಳಿದು ಕಲ್ಲಾಗಿದ್ದ ಸಿಮೆಂಟನ್ನು ಅವರು ಕೋಲಿನಿಂದ ಮೀಟುತ್ತಲೇ ಇದ್ದರು. ರಾಯರು ಮನೆ ಕಟ್ಟಿಸಿದ್ದು 1978ರಲ್ಲಿ, ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ. 1982ರಲ್ಲಿ ನಿಯಂತ್ರಣ ಭಾಗಶಃ ಹೋದದ್ದು, 1989ರಲ್ಲಿ ಪೂರ್ತಿ ಹೋದದ್ದು ಅವರಿಗೆ ಮಕ್ಕಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿದೆ. ರಜಾ ಹಾಕಿ ಕಚೇರಿ ಬಾಗಿಲು ಕಾದು, ಮೂಟೆ ಎಣಿಸಿ ತಂದು, ರಾತ್ರಿ ಅವುಗಳ ಪಕ್ಕದಲ್ಲೇ ಮಲಗಿದವರು. ಹಾಗೆ ಕಲಿತದ್ದನ್ನು ಮಗನಿಗೆ ಹೇಳೋಣವೆಂದರೆ ಅವನಿರುವುದು ಬೆಂಗಳೂರಿನ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ. ಅಲ್ಲಿ ಗೋಡೆ ಒಡೆಯುವುದಿರಲಿ, ಹೊರಗೆ ಒಂದು ಕೊಕ್ಕೆ ಸಿಕ್ಕಿಸಲೂ ಅಸೋಸಿಯೇಷನ್ನಿಗೆ ಅರ್ಜಿ ಕೊಡಬೇಕು. ಅಷ್ಟು ಕಷ್ಟಪಟ್ಟು ಕಲಿತ ವಿದ್ಯೆಗೆ ಒಂದೇ ಒಂದು ಮನೆ ಸಿಕ್ಕಿತು. ಮಿಕ್ಕದ್ದನ್ನು ಅವರು ಎಲ್ಲಿ ಖರ್ಚು ಮಾಡಬೇಕು? ಫೋನಿನಲ್ಲೇ ಮರಳು ತರಿಸಿ ಫೋನಿನಲ್ಲೇ ಕೆಲಸ ವಿಚಾರಿಸುವ ನಮ್ಮಂಥವರ ಗೋಡೆಯ ಭಾರವನ್ನು ಇನ್ನೊಬ್ಬರು ತಲೆಯ ಮೇಲೆ ಹೊತ್ತುಕೊಂಡು ನಿದ್ದೆಗೆಡುವುದು ಸಣ್ಣ ಉಪಕಾರವಲ್ಲ.

ಹೀಗೆ ನಾನು ಕರಗುತ್ತಿರುವಾಗಲೇ ಕಿಟಕಿ ಕೂತು, ಸಜ್ಜಾ ಬಂದು, ಮೇಸ್ತ್ರಿ ಬಾಕಿ ಹಣಕ್ಕೆ ನಿಂತಿದ್ದ. ರಾಯರು ಕಿಟಕಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಗಾಳಿಗೆ ಮುಖವೊಡ್ಡಿದರು.

“ಗಾಳಿಯೇನೋ ಒಳಗೆ ಬರುತ್ತೆ ಕಣಯ್ಯಾ, ಹೊರಗೆ ಹೋಗೋದು ಹೇಗೆ? ಎದುರು ಗೋಡೆಗೂ ಒಂದು ಬೇಕಿತ್ತು.”

“ನಾನೂ ಬಡ್ಕೊಂಡೆ ರಾಯರೇ, ಇವರು ಕೇಳಬೇಕಲ್ಲ” ಎಂದಳು ಹೆಂಡತಿ ಅಡುಗೆಮನೆಯಿಂದ.

ಮೇಸ್ತ್ರಿ ನೋಟು ಎಣಿಸುವುದನ್ನು ನಿಲ್ಲಿಸಿ, “ಸೋಮವಾರದಿಂದ ಬಿಡುವಾಗಿದೀನಿ ಸ್ವಾಮಿ” ಎಂದ.