ಏಣಿ ಇದೆ, ಮೇಷ್ಟ್ರಿಲ್ಲ

ಕನ್ನಡದ ಮೊದಲ ಶಾಸನ ಎಂದು ನಾವೆಲ್ಲ ಉರು ಹೊಡೆದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ. ಆ 16 ಸಾಲು ಕೆತ್ತಿದವನು ಯಾವ ಪದ್ಧತಿಯಲ್ಲಿ ಅಕ್ಷರ ಕಲಿತನೋ, ಎಷ್ಟು ದಿನದ ತರಬೇತಿಗೆ ಸಹಿ ಹಾಕಿದನೋ ದಾಖಲೆಯಿಲ್ಲ. ಇವತ್ತಾಗಿದ್ದರೆ ದಾಖಲೆ ಇರುತ್ತಿತ್ತು, ಶಾಸನ ಇರುತ್ತಿರಲಿಲ್ಲ.

ಅದೇ ತಾಲ್ಲೂಕಿನ ಅರೇಹಳ್ಳಿಯಲ್ಲಿ ಸರ್ಕಾರಿ ಶಾಲೆಗೆ ಸೇರಿದ ಮಗು ಅ ಆ ಇ ಈ ಎಂದು ಶುರು ಮಾಡುವುದಿಲ್ಲ. ಅಲ್ಲಿನ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ಅರಸ, ಗರಗಸ ಓದಿಬಿಡಬಹುದು. ಲೆಕ್ಕಾಚಾರ ಸರಿಯಾಗಿಯೇ ಇದೆ. ಙ, ಞ ಎಂದು ಮೂಗಿನಲ್ಲಿ ಅತ್ತು, ಒಂದು ಪದವೂ ಓದಲು ಬಾರದೆ ಎರಡನೇ ಕ್ಲಾಸಿಗೆ ಪಾಸಾದ ನಮ್ಮ ತಲೆಮಾರು ಅದನ್ನು ಆಡಿಕೊಳ್ಳುವ ಹಾಗಿಲ್ಲ. ತೊಂದರೆ ಸಣ್ಣದು. ಕಾಫಿ ತೋಟದ ಕೂಲಿ ಲೈನಿನ ಮಗುವಿಗೆ ಗರಗಸ ಬರುತ್ತದೆ, ಕಾಫಿ ಬರುವುದಿಲ್ಲ. ಅದಕ್ಕೆ ಕ ಆಗಬೇಕು, ಇಳಿ ಆಗಬೇಕು, ಫ ಆಗಬೇಕು, ಗುಡಿಸು ಆಗಬೇಕು. ಊರಿನ ಬೋರ್ಡಿನಲ್ಲಿ 'ಅ' ಗುರುತು ಸಿಕ್ಕಿದೆ. ಉಳಿದ ಹಳ್ಳಿಗೆ ಏತ್ವ, ದೀರ್ಘ, ಒತ್ತಕ್ಷರ ಮುಗಿಯಬೇಕು. ಒತ್ತಕ್ಷರ ಬರುವ ಹೊತ್ತಿಗೆ ಕುಯ್ಲು ಮುಗಿದು, ಮಗು ಅಪ್ಪ-ಅವ್ವನ ಹಿಂದೆ ಊರೇ ಬಿಟ್ಟಿರುತ್ತದೆ.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಮೇಷ್ಟ್ರುಗಳೇ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಕೈಯಾರೆ ಕಲಿಕೆಯ ಕಾರ್ಡು ಬರೆದು ಕಟ್ಟಿದ ಪದ್ಧತಿ. 2009ರ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಆದೇಶವಾಯಿತು. ಪ್ರೀತಿಯಿಂದ ಮಾಡಿದ್ದನ್ನು ಸುತ್ತೋಲೆಯಲ್ಲಿ ಕಳಿಸಿದರೆ ತಲುಪುವುದು ಕಾರ್ಡಿನ ಕಟ್ಟು ಮಾತ್ರ. ಅಷ್ಟಕ್ಕೇ ಬಿಟ್ಟರೇ? ಒಂದರ ಹಿಂದೊಂದು ಯೋಜನೆ: ಓದು ಕರ್ನಾಟಕ, ವಿದ್ಯಾಗಮ, ಕಲಿಕಾ ಚೇತರಿಕೆ, ನಿಪುಣ ಭಾರತ... ಇಷ್ಟು ನಾಮಕರಣ ನಮ್ಮ ಪುರೋಹಿತರೂ ಮಾಡಿಸಿರಲಿಕ್ಕಿಲ್ಲ. ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ ಎಂದು ಸಂಶೋಧಕಿ ಸೋನಾಲಿ ನಾಗ್ 2007ರಲ್ಲೇ ಅಧ್ಯಯನ ಮಾಡಿ ಹೇಳಿದರು. ನಾಲ್ಕು ವರ್ಷ! ನಮ್ಮಲ್ಲಿ ಶಿಕ್ಷಣ ಮಂತ್ರಿಗಳೇ ಅಷ್ಟು ದಿನ ಇರುವುದು ಅಪರೂಪ.

ಒಂದು, ಎರಡು, ಮೂರನೇ ತರಗತಿಗೆ ಒಂದೇ ಕೋಣೆ. ಮಕ್ಕಳು 'ತಟ್ಟೆ' ಎಂಬ ಐದು ಗುಂಪುಗಳಲ್ಲಿ ಹಂಚಿ ಕೂತಿದ್ದಾರೆ, ಮೇಷ್ಟ್ರು ಒಬ್ಬರೇ. ಶಿಕ್ಷಕರ ಪೂರ್ಣ ನೆರವಿನ ತಟ್ಟೆಯಲ್ಲಿರುವ ಮಗುವಿಗೆ ಆ ಶಿಕ್ಷಕರು ಸಿಗುವುದು, ಮೊಟ್ಟೆ-ಬಾಳೆಹಣ್ಣಿನ ಲೆಕ್ಕವನ್ನು ಆನ್‌ಲೈನ್‌ಗೆ ಏರಿಸಲು ನೆಟ್‌ವರ್ಕ್ ಹುಡುಕಿ ದಿಣ್ಣೆ ಹತ್ತಿ ಇಳಿದ ಮೇಲೆ. 'ದಸರ' ಎಂಬ ಪದವನ್ನು ಮಗು ಆ ಮೊದಲ ಐದು ಅಕ್ಷರಗಳಲ್ಲೇ ಕಲಿಯುತ್ತದೆ. ಅದರ ಪೂರ್ಣ ವ್ಯಾಪ್ತಿ ಮೇಷ್ಟ್ರಿಗೆ ಗೊತ್ತಾದದ್ದು 2025ರಲ್ಲಿ, ಮೇಷ್ಟ್ರುಗಳನ್ನೇ ಹಚ್ಚಿದ ಜಾತಿ ಸಮೀಕ್ಷೆಗಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆದಾಗ. ಮಗು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದ ಕಲಿಕಾ ಏಣಿ ಗೋಡೆಯ ಮೇಲೆ ಇತ್ತು. ಹತ್ತಿಸುವವರು ಮನೆಮನೆಯ ಜಗಲಿ ಹತ್ತುತ್ತಿದ್ದರು. ಇದನ್ನೆಲ್ಲ ನೋಡಿದ ಪೋಷಕರು ಕಾನ್ವೆಂಟಿನ ಹಳದಿ ವ್ಯಾನಿಗೆ ಮಗುವನ್ನು ಹತ್ತಿಸಿದರೆ ಇಲಾಖೆಗೆ ಕನ್ನಡಾಭಿಮಾನ ನೆನಪಾಗುತ್ತದೆ.

ಓದು ಹೇಗೆ ಬರುತ್ತದೆಂದು ತಿಳಿಯಬೇಕಾದರೆ ಕುಯ್ಲಿನ ಕಾಲದಲ್ಲಿ ತೋಟಕ್ಕೆ ಹೋಗಿ ನೋಡಿ. ಸಂಜೆ ಹಣ್ಣಿನ ಚೀಲ ಕಾಟಾದ ಮೇಲೆ ಕೂರುತ್ತದೆ, ರೈಟರು ಪುಸ್ತಕದಲ್ಲಿ ಕಿಲೋ ಬರೆಯುತ್ತಾರೆ. ಅವ್ವನ ಪಕ್ಕ ಕತ್ತು ಚಾಚಿ ನಿಂತ ಹುಡುಗಿ, "ರೈಟ್ರೇ, ನಲವತ್ತೇಳು ಬಂದೈತೆ, ನೀವು ನಲವತ್ತೊಂದು ಬರ್ದಿದೀರ" ಅನ್ನುತ್ತಾಳೆ. ಆರು ಕಿಲೋ ಕೂಲಿ ಹೋಗುತ್ತದೆಂದರೆ ಎಂಥ ಕೈಬರಹವೂ ಓದಲು ಬರುತ್ತದೆ. ಕಾರ್ಡಿಲ್ಲ, ತಟ್ಟೆಯಿಲ್ಲ, ಏಣಿಯಿಲ್ಲ.

ದಯವಿಟ್ಟು ಇದು ಇಲಾಖೆಯ ಕಿವಿಗೆ ಬೀಳದಿರಲಿ. ಬಿದ್ದರೆ ಬರುವ ಜೂನ್‌ಗೆ 'ಕಾಟಾ-ಕಲಿ' ಎಂದು ಹೆಸರಿಟ್ಟು, ಹಾಸನದಲ್ಲಿ ಮೂರು ದಿನ ತರಬೇತಿ ಮಾಡಿ, ಶಾಲೆಗೊಂದು ತಕ್ಕಡಿ ಕೊಟ್ಟು, ಸಂಜೆ ಐದರೊಳಗೆ ತಕ್ಕಡಿಯ ಜಿಪಿಎಸ್ ಫೋಟೋ ಕಳಿಸಿ ಎನ್ನುತ್ತಾರೆ.