ಹಿಂಗಾರಿನ ನೆಂಟರು

ಚಿತ್ತಾ ಮಳೆ ಹಿಡಿಯಿತೆಂದರೆ ಕೋಲಾರದ ಕಡೆಯ ತರಕಾರಿ ರೈತ ಒಂದು ಕಣ್ಣನ್ನು ಮೋಡದ ಮೇಲೆ, ಇನ್ನೊಂದನ್ನು ಎಲೆಯ ಅಡಿಗೆ ಇಟ್ಟೇ ಓಡಾಡುತ್ತಾನೆ.

ರಾತ್ರಿ ಬರುವ ನೆಂಟ ಬಸವನಹುಳು. ಮನೆ ಬೆನ್ನ ಮೇಲೇ ಇರುವುದರಿಂದ ಅದಕ್ಕೆ ಹೊರಡುವ ಅವಸರವಿಲ್ಲ. ಈ ಆಫ್ರಿಕದ ದೈತ್ಯನನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದವರು ಚಿಪ್ಪುಜೀವಿಗಳ ಪಂಡಿತ ವಿಲಿಯಂ ಬೆನ್ಸನ್. ಪಂಡಿತರ ಪ್ರೀತಿ, ತೋಟಕ್ಕೆ ಫಜೀತಿ! ಸಂಜೆ ಒದ್ದೆ ಗೋಣಿಚೀಲದಡಿ ಪಪಾಯಿ ಎಲೆ ಹರವಿಟ್ಟರೆ ಬೆಳಗ್ಗೆ ಎಲ್ಲರೂ ಅಲ್ಲೇ ಹಾಜರು. ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು, ಅಷ್ಟೆ.

ಎಲೆಕೋಸಿನ ವಜ್ರಬೆನ್ನಿನ ಪತಂಗಕ್ಕೋ ಸಾಸಿವೆಯ ಚಪಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ಚಪಲವನ್ನೇ ಹಿಡಿದು, 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಎಂದರು: ಒಂದು ನಾಟಿಗೆ 15 ದಿನ ಮುಂಚೆ, ಇನ್ನೊಂದು 25 ದಿನ ಆದಮೇಲೆ. ಪತಂಗ ಮೊಟ್ಟೆಯಿಡುವುದು ಅಲ್ಲಿ, ಏಟು ಬೀಳುವುದೂ ಅಲ್ಲೇ. ಒಗ್ಗರಣೆಗೆ ಮುಂಚೆಯೇ ಸಾಸಿವೆ ಸಿಡಿಯುವುದೆಂದರೆ ಇದೇ.

ಟೊಮೆಟೊದ ಅಂಗಮಾರಿಗೆ ಇಂಥ ಚಪಲಗಳಿಲ್ಲ. ತಂಪು, ತೇವ ಎರಡಿದ್ದರೆ ಸಾಕು. ಏರುಮಡಿ ಮಾಡಿ, ಗಿಡವನ್ನು ಕೋಲಿಗೆ ಕಟ್ಟಿ, ಕೆಳಗಿನ ಎಲೆ ಕಿತ್ತು, ಔಷಧಿ ಹೊಡೆದು ಮುಗಿಸುವಷ್ಟರಲ್ಲಿ ಮಳೆ. ಅಂಟು ದ್ರಾವಣ ಬೆರೆಸುವುದು ಮರೆತಿದ್ದರೆ, ರೈತ ಮತ್ತೆ ಪಂಪನ್ನು ಬೆನ್ನಿಗೇರಿಸಬೇಕು, ಥೇಟ್ ಬಸವನಹುಳುವಿನ ಹಾಗೆ.