ಎರಡೇ ನಿಮಿಷ ಸಾರ್!

ಬೆಂಗಳೂರಿನ ನಮ್ಮ ಸರ್ಕಲ್ಲಿಗೆ ‘ವಾಹನ ನಿಲುಗಡೆ ನಿಷೇಧಿಸಿದೆ’ ಫಲಕ ಬಂತು. ಕಂಬದ ಬುಡದ ಸಿಮೆಂಟು ಒಣಗುವ ಮೊದಲೇ ಅದಕ್ಕೊರಗಿ ಒಂದು ಸ್ಕೂಟರು. ಹ್ಯಾಂಡಲಿಗೆ ನುಗ್ಗೇಕಾಯಿ ಇಣುಕುವ ಚೀಲ.

“ಇಲ್ಲಿ ನಿಲ್ಲಿಸಬಾರದು ಸಾರ್” ಅಂದೆ.

“ಎಲ್ರೀ ನಿಲ್ಲಿಸಿದೀನಿ? ಎರಡೇ ನಿಮಿಷ!”

ಬೇರೆಯವರಿಗೆ ಅಡ್ಡಿಯಾಗುವಂತೆ ಗಾಡಿ ಬಿಡಬಾರದು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ. ಈ ಎರಡು ನಿಮಿಷ ಅದರಲ್ಲೆಲ್ಲೂ ಇಲ್ಲ.

ಪಕ್ಕದ ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು ಸಮ ತಾರೀಖು ಎಡಕ್ಕೆ, ಬೆಸ ತಾರೀಖು ಬಲಕ್ಕೆ. 31 ಬೆಸ, ಮರುದಿನ 1, ಅದೂ ಬೆಸ! ಎದುರುಮನೆ ಮೇಷ್ಟ್ರು ಈಗ ರಾಹುಕಾಲದ ಜತೆ ಇದನ್ನೂ ನೋಡಿಯೇ ಗಾಡಿ ತೆಗೆಯುವುದು.

ಮೊನ್ನೆ ಪೊಲೀಸ್ ಸೀಟಿ ಕೇಳಿದ್ದೇ ತಡ, ಹೋಟೆಲಿಂದ ಹತ್ತು ಜನ ಚಟ್ನಿ ಕೈಯಲ್ಲೇ ಓಡಿದರು. ಎಲ್ಲರಿಗಿಂತ ಮುಂದಿದ್ದವನು ನಾನೇ.